ಗೆಳೆಯರ ಅಳತೆಗೆ ಒಂದು ಬೋರ್ಡ್

ಗೆಳೆಯರಿಗೆ ಸರ್ಫ್‌ಬೋರ್ಡ್ ಮಾಡಿಕೊಡುವಾಗ ಮೊದಲು ಎದುರಾಗುವ ಕಷ್ಟ ಏನು ಗೊತ್ತಾ? ತಮ್ಮ ಸರ್ಫಿಂಗ್ ಬಗ್ಗೆ ಯಾರೂ ನಿಜ ಹೇಳುವುದಿಲ್ಲ. ಬೇಕಂತ ಸುಳ್ಳು ಹೇಳುತ್ತಾರೆ ಅಂತಲ್ಲ, ಪಾಪ. ಅವರಿಗೇ ಗೊತ್ತಿರುವುದಿಲ್ಲ. "ಅಲೆ ಹಿಡಿದ ತಕ್ಷಣ ಕೆಳಗಿಳಿದು ಜೋರಾಗಿ ತಿರುಗಿಸ್ತೀನಿ, ನನಗೆ ತೆಳ್ಳಗಿನ ಚಿಕ್ಕ ಬೋರ್ಡೇ ಬೇಕು" ಅನ್ನುತ್ತಾನೆ ಒಬ್ಬ. ದಡದಲ್ಲಿ ಕೂತು ಅವನನ್ನೇ ನೋಡಿದರೆ ಅರ್ಧಕ್ಕರ್ಧ ಅಲೆಗಳು ಅವನ ಕೆಳಗಿಂದಲೇ ಜಾರಿ ಹೋಗುತ್ತಿರುತ್ತವೆ. ಕೈ ಬೀಸಿ ಬೀಸಿ ಸುಸ್ತಾಗುತ್ತಾನೆ, ಅಲೆ ಸಿಗುವುದಿಲ್ಲ. ಸಿಕ್ಕಿದ್ದರಲ್ಲೂ ತಿರುಗಿಸುವಷ್ಟು ವೇಗ ಇರುವುದಿಲ್ಲ. ಅವನಿಗೆ ಬೇಕಾಗಿರುವುದು ಅವನು ಕೇಳಿದ್ದಕ್ಕಿಂತ ಉದ್ದವಾದ, ದಪ್ಪವಾದ ಬೋರ್ಡು. ಅದನ್ನು ಅವನ ಮುಖದ ಮೇಲೆ ಹೇಳೋದು ಹೇಗೆ, ಅದೇ ಪ್ರಶ್ನೆ.

ಅದಕ್ಕೇ ಯಾರಾದರೂ ಬೋರ್ಡ್ ಕೇಳಿದರೆ ನಾನು ಟೇಪು ಹಿಡಿದು ಹೊರಡುವುದಿಲ್ಲ. ಮೊದಲು ಸುಮ್ನೆ ಕೂತು ನೋಡುತ್ತೇನೆ. ಎದ್ದು ನಿಲ್ಲುವಾಗ ಹಿಂಗಾಲು ಎಲ್ಲಿಗೆ ಬೀಳುತ್ತದೆ? ಭಾರ ಯಾವ ಕಾಲಿನ ಮೇಲೆ? ಮಲಗಿಕೊಂಡು ಕೈ ಬೀಸುವಾಗ ಎದೆ ಎಷ್ಟು ಮೇಲೇಳುತ್ತದೆ, ಕುತ್ತಿಗೆ ನೋಯುತ್ತಿರುವ ಹಾಗೆ ಕಾಣುತ್ತಾ? ಮುಂಗಾಲಿನ ಮೇಲೆ ಭಾರ ಬಿಟ್ಟು ಓಡಿಸುವವರಿಗೆ ಬೋರ್ಡಿನ ಅತಿ ಅಗಲದ ಜಾಗ ನಡುವಿಗಿಂತ ಸ್ವಲ್ಪ ಮುಂದೆ ಇದ್ದರೆ ಒಗ್ಗುತ್ತದೆ. ಹಿಂಗಾಲಿನಿಂದ ತಿರುಗಿಸುವವರಿಗೆ ಅದೇ ಅಗಲ ಹಿಂದಕ್ಕೆ ಸರಿಯಬೇಕು. ಇದನ್ನು ಕೇಳಿ ತಿಳಿದುಕೊಳ್ಳಲು ಆಗುವುದಿಲ್ಲ. ಯಾವ ಕಾಲಿನಿಂದ ಬೋರ್ಡ್ ತಿರುಗಿಸ್ತೀಯ ಅಂತ ಕೇಳಿದರೆ ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸಿ ತಪ್ಪು ಕಾಲು ಹೇಳುತ್ತಾರೆ.

ಈಗ ಎಲ್ಲರ ಬಾಯಲ್ಲೂ ಲೀಟರಿನ ಲೆಕ್ಕ. ಬೋರ್ಡ್ ಎಷ್ಟು ಲೀಟರ್ ಅಂದರೆ ಅದರ ಗಾತ್ರ ಎಷ್ಟು, ಹಾಗಾಗಿ ಎಷ್ಟು ಭಾರ ತೇಲಿಸುತ್ತದೆ ಅಂತ ಅರ್ಥ. ಕಲಿಯುವವರಿಗೆ ಮೈತೂಕ ಎಷ್ಟು ಕಿಲೋ ಇದೆಯೋ ಹೆಚ್ಚುಕಡಿಮೆ ಅಷ್ಟು ಲೀಟರ್. ಚೆನ್ನಾಗಿ ಪಳಗಿದವರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ ಸಾಕು, 75 ಕಿಲೋದ ಒಬ್ಬ ನುರಿತ ಸರ್ಫರ್ 27–30 ಲೀಟರಿನ ಬೋರ್ಡಿನಲ್ಲಿ ಆರಾಮಾಗಿರುತ್ತಾನೆ. ಲೆಕ್ಕ ಉಪಯೋಗಕ್ಕೆ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ 30 ಲೀಟರನ್ನು ಎದೆಯ ಕೆಳಗೆ ಇಟ್ಟರೆ ಒಂದು ಬೋರ್ಡು, ಅಂಚಿಗೆ ಹಂಚಿದರೆ ಇನ್ನೊಂದು ಬೋರ್ಡು. ಅಂಕಿ ಎರಡಕ್ಕೂ ಅದೇ. ಗೆಳೆಯರ ಜೊತೆ ನಾನು ಜಾಸ್ತಿ ಜಗಳ ಆಡಿರುವುದು ಈ ವಿಷಯಕ್ಕೇ.

ಮನುಷ್ಯನನ್ನು ನೋಡಿದ ಮೇಲೆ ಅಲೆ ನೋಡಬೇಕು. ಅಲೆ ಅಂದರೆ ವಿಡಿಯೋದಲ್ಲಿ ಕಾಣುವ ಅಲೆ ಅಲ್ಲ, ನಮ್ಮ ಗುಂಪು ದಿನಾ ಇಳಿಯುವ ನೀರಿನ ಅಲೆ. ದೂರದ ಗಾಳಿಯಿಂದ ಎದ್ದು ಬಂದ ಅಲೆ, ನೀರಿನ ಆಳ ತನ್ನ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಮುರಿಯುತ್ತದೆ. ತಳ ನಿಧಾನಕ್ಕೆ ಮೇಲೇರಿದರೆ ಅಲೆಯೂ ಸೋಮಾರಿಯಾಗಿ ಉರುಳುತ್ತದೆ. ಬಂಡೆಯೋ ಹವಳದ ದಿಬ್ಬವೋ ಥಟ್ಟನೆ ಎದುರಾದರೆ ಅಲೆ ಗೋಡೆಯಾಗಿ ನಿಂತು ಕುಸಿಯುತ್ತದೆ. ಬೋರ್ಡನ್ನು ಪಕ್ಕದಿಂದ ನೋಡಿದಾಗ ಮುಂತುದಿಯಿಂದ ಬಾಲದವರೆಗೆ ಕಾಣುವ ಬಾಗಿಗೆ ರಾಕರ್ ಅನ್ನುತ್ತಾರೆ. ಕಡಿದಾದ ಅಲೆಗೆ ರಾಕರ್ ಜಾಸ್ತಿ ಬೇಕು, ಇಲ್ಲದಿದ್ದರೆ ಮುಂತುದಿ ನೀರಿಗೆ ಚುಚ್ಚಿ ಸವಾರ ಮುಂದಕ್ಕೆ ಹಾರುತ್ತಾನೆ. ಸೋಮಾರಿ ಅಲೆಗೆ ಅದೇ ಬಾಗು ತಂದರೆ ಬೋರ್ಡು ನೀರನ್ನು ತಳ್ಳಿಕೊಂಡು ಕೂರುತ್ತದೆ, ಓಡುವುದಿಲ್ಲ.

ಅಂಗಡಿಯಲ್ಲಿ ಸಿಗುವ ಎಷ್ಟೋ ಬೋರ್ಡುಗಳು ಲೋಕದ ಅತ್ಯುತ್ತಮ ಅಲೆಗಳಿಗೆ, ಅತ್ಯುತ್ತಮ ಸವಾರರಿಗೆ ಮಾಡಿದ ಬೋರ್ಡುಗಳ ನಕಲು. ಅವು ಕೆಟ್ಟವು ಅಂತಲ್ಲ. ಸೊಂಟದೆತ್ತರದ, ಗಾಳಿಗೆ ಚದುರಿದ, ವಾರದಲ್ಲಿ ಎರಡು ದಿನ ಸರಿಯಾಗಿ ಬರುವ ಅಲೆಗೆ ಅವನ್ನು ತಂದವರು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ಹಾಗೆ ಬೈದುಕೊಳ್ಳುವ ಗೆಳೆಯರಿಗೆ ಬಾಗು ಕಮ್ಮಿ ಮಾಡಿ, ಬಾಲ ಅಗಲ ಮಾಡಿ, ಮುಂಭಾಗದಲ್ಲಿ ಒಂದಿಷ್ಟು ದಪ್ಪ ಬಿಟ್ಟು ಕೊಡುತ್ತೇನೆ. ನೋಡೋಕೆ ಅಷ್ಟೇನೂ ಚಂದ ಇರಲ್ಲ. ಆದರೆ ಅಲೆ ಹಿಡಿಯುತ್ತದೆ.

ಇನ್ನು ಕೆಲಸದ ಮಾತು. ಫೋಮ್‌ನ ದಿಮ್ಮಿಗೆ ಬ್ಲ್ಯಾಂಕ್ ಅನ್ನುತ್ತಾರೆ. ನಟ್ಟನಡುವೆ ಉದ್ದಕ್ಕೆ ಒಂದು ತೆಳು ಮರದ ಪಟ್ಟಿ, ಅದು ಸ್ಟ್ರಿಂಗರ್. ಮೊದಲು ಪ್ಲೈವುಡ್ಡಿನಲ್ಲಿ ಕೊರೆದ ಅರ್ಧ ಆಕಾರವನ್ನು ಸ್ಟ್ರಿಂಗರ್‌ಗೆ ಹೊಂದಿಸಿ ಪೆನ್ಸಿಲ್ ಎಳೆಯಬೇಕು. ಆಮೇಲೆ ಅದೇ ಅಚ್ಚನ್ನು ಮಗುಚಿ ಇನ್ನೊಂದು ಪಕ್ಕಕ್ಕೂ ಎಳೆಯಬೇಕು. ಎರಡೂ ಕಡೆ ಒಂದೇ ಬರಲಿ ಅಂತ ಈ ಅರ್ಧ ಅಚ್ಚಿನ ಉಪಾಯ. ಕೈಗರಗಸದಲ್ಲಿ ಗೆರೆಯ ಹೊರಗೆ ಕೊಯ್ದು, ಅಂಚನ್ನು ನೆಟ್ಟಗೆ ನಿಲ್ಲುವ ಹಾಗೆ ಉಜ್ಜಿದರೆ ಆಕಾರ ಸಿಕ್ಕಿತು. ಈ ಹಂತದಲ್ಲಿ ಅದು ಬೋರ್ಡಿನ ಆಕಾರದಲ್ಲಿ ಕೊಯ್ದ ಹಲಗೆ ಅಷ್ಟೇ. ಆದರೂ ಗೆಳೆಯರು ಇಷ್ಟಕ್ಕೇ ಫೋಟೋ ತೆಗೆದುಕೊಳ್ಳುತ್ತಾರೆ.

ದಪ್ಪ ಇಳಿಸುವುದು ಎಲೆಕ್ಟ್ರಿಕ್ ಪ್ಲೇನರ್‌ನಿಂದ, ಅಂದರೆ ಕರೆಂಟಿನ ಕೀಸುಳಿಯಿಂದ. ಬೋರ್ಡಿಗೆ ಆಕಾರ ಕೊಡುವವರಿಗೆ ಶೇಪರ್ ಅನ್ನುತ್ತಾರೆ. ಹಳೆಯ ಶೇಪರ್‌ಗಳು ಸ್ಕಿಲ್ 100 ಅನ್ನುವ ಪ್ಲೇನರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅದರ ತಯಾರಿಕೆ ನಿಂತು ದಶಕಗಳೇ ಆದರೂ ರಿಪೇರಿ ಮಾಡಿಸಿಕೊಂಡು ಬಳಸುವವರಿದ್ದಾರೆ. ನಡೆಯುತ್ತಾ ಇರುವಾಗಲೇ ಕೊರೆಯುವ ಆಳವನ್ನು ಹಿಡಿಕೆಯ ಪಕ್ಕದಲ್ಲೇ ಬದಲಿಸಬಹುದು ಅನ್ನುವುದು ಅದರ ಹೆಚ್ಚುಗಾರಿಕೆ. ಇದರ ಬೆಲೆ ಗೊತ್ತಾಗಬೇಕಾದರೆ ಬೋರ್ಡಿನ ಪಕ್ಕ ಒಮ್ಮೆ ನಡೆದು ನೋಡಬೇಕು. ಶೇಪಿಂಗ್ ಅಂದರೆ ಅರ್ಧ ನಡಿಗೆಯೇ. ಬಾಲದಿಂದ ಮುಂತುದಿಗೆ, ಮತ್ತೆ ಬಾಲದಿಂದ ಮುಂತುದಿಗೆ. ಹೆಜ್ಜೆ ನಿಂತರೆ ಅಲ್ಲೊಂದು ತಗ್ಗು ಬೀಳುತ್ತದೆ. ಹೆಜ್ಜೆ ಒಂದೇ ಸಮ ಇರಬೇಕು, ಸೊಂಟ ತಗ್ಗಿರಬೇಕು, ಕೈ ಭಾರ ಬಿಡಬಾರದು. ಮಧ್ಯದಲ್ಲಿ ಫೋನ್ ಬಂದರೆ ಎತ್ತಬಾರದು.

ಆಮೇಲೆ ಅಂಚು. ಅಂಚಿಗೆ ರೇಲ್ ಅನ್ನುತ್ತಾರೆ. ನೆಟ್ಟಗೆ ನಿಂತ ಅಂಚನ್ನು ಒಂದೇ ಸಲಕ್ಕೆ ದುಂಡು ಮಾಡಲು ಹೋದರೆ ಎರಡು ಪಕ್ಕ ಎರಡು ಥರ ಆಗುತ್ತದೆ. ಅದಕ್ಕೆ ಉದ್ದಕ್ಕೂ ಓರೆಯಾಗಿ ಒಂದು ಪಟ್ಟಿ ಕೊರೆದು, ಅದರ ಮೇಲಿನ ಮೂಲೆಗೆ ಇನ್ನೊಂದು ಪಟ್ಟಿ, ಅದರ ಮೇಲೆ ಮತ್ತೊಂದು. ಪಟ್ಟಿಯ ಅಂಚು ಗೆರೆಯಾಗಿ ಕಾಣುತ್ತದೆ, ಎಡಕ್ಕೂ ಬಲಕ್ಕೂ ಗೆರೆ ಒಂದೇ ಕಡೆ ಬಂದಿದೆಯಾ ಅಂತ ಕಣ್ಣಳತೆಯಲ್ಲೇ ಹಿಡಿಯಬಹುದು. ಕೊನೆಗೆ ಜಾಲರಿಯಂಥ ಸ್ಯಾಂಡಿಂಗ್ ಮೆಶ್ ಹಿಡಿದು ಆ ಮೂಲೆಗಳನ್ನೆಲ್ಲ ಒಂದಾಗಿಸುವುದು. ಅಂಚು ಮೃದುವಾಗಿ ದುಂಡಗಿದ್ದರೆ ನೀರು ಅದನ್ನು ಅಪ್ಪಿಕೊಂಡು ಸುತ್ತುತ್ತದೆ, ಬೋರ್ಡು ಅಲೆಯ ಮೈಗೆ ಅಂಟಿಕೊಳ್ಳುತ್ತದೆ. ಬಾಲದ ಕಡೆ ತಳದ ಅಂಚು ಚೂಪಾಗಿದ್ದರೆ ನೀರು ಅಲ್ಲೇ ಬಿಟ್ಟುಕೊಳ್ಳುತ್ತದೆ, ಬೋರ್ಡು ಚಿಮ್ಮುತ್ತದೆ. ದುಂಡು ಎಲ್ಲಿ ಮುಗಿದು ಚೂಪು ಎಲ್ಲಿ ಶುರುವಾಗಬೇಕು? ಒಂದು ಬೋರ್ಡಿನ ಗುಣದ ಮುಕ್ಕಾಲು ಭಾಗ ಅಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ರಾಕರ್‌ನಲ್ಲಿ ಅನ್ನುವವರೂ ಇದ್ದಾರೆ. ಅನ್ನಲಿ.

ಇದನ್ನೆಲ್ಲ ನೋಡುವುದಕ್ಕೆ ಬೆಳಕು ಬೇಕು, ಆದರೆ ತಲೆಯ ಮೇಲಿನ ಬೆಳಕು ಪ್ರಯೋಜನಕ್ಕಿಲ್ಲ. ಶೇಪಿಂಗ್ ಕೋಣೆಯಲ್ಲಿ ಟ್ಯೂಬ್‌ಲೈಟುಗಳನ್ನು ಎರಡೂ ಗೋಡೆಗೆ, ಬೋರ್ಡಿನ ಮಟ್ಟಕ್ಕಿಂತ ತುಸು ಮೇಲೆ ಅಡ್ಡಡ್ಡ ಹಾಕಿರುತ್ತಾರೆ. ಗೋಡೆಗೆ ಗಾಢ ನೀಲಿಯೋ ಹಸಿರೋ ಬಣ್ಣ. ಪಕ್ಕದಿಂದ ಬೀಳುವ ಬೆಳಕಿಗೆ ಬಿಳಿ ಫೋಮ್‌ನ ಮೇಲೆ ಕೂದಲೆಳೆಯಷ್ಟು ಉಬ್ಬು ಇದ್ದರೂ ಅದಕ್ಕೆ ನೆರಳಿರುತ್ತದೆ. ಹಗಲ ಬೆಳಕಿನಲ್ಲಿ ನುಣ್ಣಗೆ ಕಂಡ ಬೋರ್ಡನ್ನು ಆ ಕೋಣೆಗೆ ತಂದರೆ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದೆ. ಬೆಳಕಿಗೂ ಸಿಗದ್ದು ಅಂಗೈಗೆ ಸಿಗುತ್ತದೆ. ಕಣ್ಣು ಮುಚ್ಚಿ ಎರಡೂ ಕೈಯನ್ನು ಎರಡೂ ಅಂಚಿನ ಮೇಲೆ ಒಟ್ಟಿಗೆ ಜಾರಿಸಿಕೊಂಡು ಹೋದರೆ ಎಡಬಲದ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಎಷ್ಟು ವ್ಯತ್ಯಾಸ ಅಂತ ಅಂಗೈ ಹೇಳುವುದಿಲ್ಲ, ಎಲ್ಲಿ ಅಂತ ಮಾತ್ರ ಹೇಳುತ್ತದೆ. ಅಷ್ಟು ಸಾಕು.

ಶೇಪ್ ಮುಗಿದ ಮೇಲೆ ಸ್ಟ್ರಿಂಗರ್ ಮೇಲೆ ಪೆನ್ಸಿಲಿನಲ್ಲಿ ಉದ್ದ, ಅಗಲ, ದಪ್ಪ ಬರೆದು, ಯಾರಿಗಾಗಿ ಅಂತ ಹೆಸರು ಬರೆಯುವ ರೂಢಿ ಇದೆ. ನಾನು ಇನ್ನೊಂದು ಸಾಲು ಸೇರಿಸುತ್ತೇನೆ, ಅದು ಆಯಾ ಗೆಳೆಯರಿಗೆ ಬಿಟ್ಟರೆ ಬೇರೆಯವರಿಗೆ ಅರ್ಥವಾಗದ ಕೀಟಲೆ. ಮೇಲೆ ರೆಸಿನ್, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ಅಂಟು, ಬಿದ್ದರೆ ಆಮೇಲೆ ಅಳಿಸುವುದಕ್ಕಾಗುವುದಿಲ್ಲ. ಬೋರ್ಡ್ ಮಾರಬೇಕು ಅಂದುಕೊಂಡವನಿಗೆ ಆ ಸಾಲಿನಿಂದ ಮುಜುಗರ ಆಗಲಿ ಅನ್ನುವುದೂ ಒಂದು ಉದ್ದೇಶ.

ಗ್ಲಾಸಿಂಗ್ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಅದು ಅಷ್ಟು ಪ್ರೀತಿಯ ಕೆಲಸ ಅಲ್ಲ. ಫೈಬರ್‌ಗ್ಲಾಸ್ ಬಟ್ಟೆಯನ್ನು ಹೊದಿಸಿ, ರೆಸಿನ್ ಸುರಿದು, ಸ್ಕ್ವೀಜಿ ಅನ್ನುವ ಚಪ್ಪಟೆ ರಬ್ಬರ್ ಪಟ್ಟಿಯಲ್ಲಿ ಎಳೆದು ಹೆಚ್ಚಿನದನ್ನು ತೆಗೆಯಬೇಕು. ಬಟ್ಟೆ ಚದರ ಗಜಕ್ಕೆ 4 ಔನ್ಸಿನದ್ದೋ 6 ಔನ್ಸಿನದ್ದೋ ಅನ್ನುವುದರ ಮೇಲೆ ಬೋರ್ಡಿನ ತೂಕವೂ ಆಯಸ್ಸೂ ನಿಂತಿದೆ. ಮೇಲ್ಭಾಗಕ್ಕೆ ಎರಡು ಪದರ, ಮೊಣಕಾಲೂ ಹಿಮ್ಮಡಿಯೂ ಗುದ್ದುವುದು ಅಲ್ಲೇ ಅಲ್ವಾ. ಪಾಲಿಯೆಸ್ಟರ್ ರೆಸಿನ್‌ಗೆ ಗಟ್ಟಿಯಾಗಿಸುವ ಕ್ಯಾಟಲಿಸ್ಟ್ ಶೇಕಡಾ 1ರಿಂದ 2ರವರೆಗೆ ಸಾಕು. ಸೆಕೆ ಇದ್ದ ದಿನ ಕಮ್ಮಿ, ತಣ್ಣಗಿದ್ದ ದಿನ ಜಾಸ್ತಿ. ಕಲಸುವಾಗ ಅದು ಜೇನಿನ ಹಾಗೆ ಇಳಿಯುತ್ತಿರುತ್ತದೆ, ಗಟ್ಟಿಯಾಗಲು ಶುರುವಾಯಿತು ಅಂದರೆ ಕೆಲವೇ ನಿಮಿಷ, ಆಮೇಲೆ ನಮ್ಮ ಕೈಲಿಲ್ಲ. ಕ್ಯಾಟಲಿಸ್ಟ್ ಜಾಸ್ತಿಯಾದರೆ ಕಪ್ಪಿನಲ್ಲೇ ಕಾದು ಹೊಗೆಯಾಡುತ್ತದೆ. ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್‌ನಲ್ಲಿ ಹೀಗೆ ಹೆಚ್ಚುಕಮ್ಮಿ ಮಾಡುವ ಹಾಗಿಲ್ಲ, ಹೇಳಿದ ಪ್ರಮಾಣಕ್ಕೆ ಸರಿಯಾಗಿ ಬೆರೆಸಲೇಬೇಕು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಪ್ಯಾಕಿಂಗ್ ಥರ್ಮೋಕೋಲ್ ಜಾತಿಯ ಇಪಿಎಸ್ ಫೋಮ್ ಮೇಲೆ ಪಾಲಿಯೆಸ್ಟರ್ ರೆಸಿನ್ ಹಾಕಿದರೆ ಫೋಮ್ ಕರಗಿಯೇ ಹೋಗುತ್ತದೆ. ಇಪಿಎಸ್‌ಗೆ ಎಪಾಕ್ಸಿಯೇ ಆಗಬೇಕು. ಮತ್ತೆ, ಫೋಮ್ ಪುಡಿಗೂ ರೆಸಿನ್ ಹೊಗೆಗೂ ಬಟ್ಟೆ ಕಟ್ಟಿಕೊಂಡರೆ ಸಾಲದು. ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು, ಕೈಗವಸು ಬೇಕು. ಹಳೆಯ ಕಾಲದವರು ಬರಿಮೂಗಲ್ಲೇ ಮಾಡುತ್ತಿದ್ದರು ಅನ್ನುವ ಕಥೆ ಯಾರಾದರೂ ಹೇಳಿದರೆ ಮಾಸ್ಕ್ ಹಾಕಿಕೊಂಡೇ ಕೇಳಿ.

ಮರದ ಬೋರ್ಡುಗಳದ್ದು ಬೇರೆಯೇ ಲೋಕ. ಪೌಲೋನಿಯಾ ಥರದ ಹಗುರ ಮರದ ತೆಳು ಹಲಗೆಗಳನ್ನು ಒಳಗಿನ ಪಕ್ಕೆಲುಬುಗಳ ಮೇಲೆ ಅಂಟಿಸಿ, ಒಳಗೆ ಟೊಳ್ಳು ಬಿಟ್ಟು ಕಟ್ಟುತ್ತಾರೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುವುದರಿಂದ ಒಂದು ಸಣ್ಣ ಬಿರಡೆ ಇರಲೇಬೇಕು, ಇಲ್ಲದಿದ್ದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ನಾನು ಕೀಸುಳಿ ಹಿಡಿದು ಮರ ಕೀಸುವುದು ಬಿಡುವಿದ್ದಾಗ ಮಾತ್ರ. ಫೋಮ್ ಬೋರ್ಡ್ ಒಂದು ವಾರಾಂತ್ಯಕ್ಕೆ ಬಗ್ಗುತ್ತದೆ, ಮರ ಯಾರ ಅವಸರಕ್ಕೂ ಬಗ್ಗುವುದಿಲ್ಲ.

ಟೊಳ್ಳು ಬೋರ್ಡಿನ ಮಾತು ಬಂದರೆ ಟಾಮ್ ಬ್ಲೇಕ್ ನೆನಪಾಗದೆ ಇರುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಅಂದರೆ ಸಮುದ್ರವೇ ಇಲ್ಲದ ರಾಜ್ಯದಲ್ಲಿ 1902ರಲ್ಲಿ ಹುಟ್ಟಿದವನು. ಹವಾಯಿಯ ಹಳೆಯ ಉದ್ದ ಬೋರ್ಡುಗಳನ್ನು ಮ್ಯೂಸಿಯಮ್ಮಿನಲ್ಲಿ ನೋಡಿ, ಅವನ್ನು ದುರಸ್ತಿ ಮಾಡಿ, ನಕಲು ತೆಗೆದು, ಭಾರ ಇಳಿಸಲು ಒಳಗನ್ನು ಟೊಳ್ಳು ಮಾಡಿದ. 1932ರಲ್ಲಿ ಪೇಟೆಂಟ್ ಸಿಕ್ಕಿತು. 1935ರಲ್ಲಿ ಹಾಳುಬಿದ್ದ ಸ್ಪೀಡ್‌ಬೋಟಿನ ತಳದಲ್ಲಿ ಉದ್ದಕ್ಕೆ ಇರುವ ಲೋಹದ ಪಟ್ಟಿಯನ್ನು (ಕೀಲ್) ಬೋರ್ಡಿನ ತಳಕ್ಕೆ ಜೋಡಿಸಿ ನೋಡಿದ. ಸರ್ಫ್‌ಬೋರ್ಡಿಗೆ ಫಿನ್, ಅಂದರೆ ಪಕ್ಕಕ್ಕೆ ಜಾರದ ಹಾಗೆ ಹಿಡಿಯುವ ತಳದ ರೆಕ್ಕೆ, ಬಂದದ್ದು ಹೀಗೆ. ಅದಕ್ಕೂ ಮೊದಲು ಶತಮಾನಗಳ ಕಾಲ ಹವಾಯಿಯ ಜನ ಫಿನ್ ಇಲ್ಲದ ಬೋರ್ಡಿನಲ್ಲೇ ಅಲೆ ಏರುತ್ತಿದ್ದರು. ಕೋವಾ ಮರದ ತೆಳ್ಳನೆಯ ಅಲಾಯಾ ಎಲ್ಲರಿಗೆ, ಉದ್ದನೆಯ ಓಲೋ ಮುಖಂಡರಿಗೆ.

ಈ ಇತಿಹಾಸ ಓದುತ್ತಾ ಹೋದಾಗ ನನ್ನ ಮನಸ್ಸಿನಲ್ಲಿ ಒಂದು ವಿಷಯ ಬಲವಾಗಿ ಕೂತಿದೆ. ಬೋರ್ಡು ಬದಲಾಗಿದ್ದು ಬಹುಪಾಲು ಕಂಪನಿಗಳಿಂದಲ್ಲ. ಯಾರೋ ಒಬ್ಬರು ತನಗಾಗಿ, ಇಲ್ಲವೇ ಪಕ್ಕದಲ್ಲಿರುವ ಒಬ್ಬರಿಗಾಗಿ ಏನೋ ಮಾಡಿದ್ದರಿಂದ. 1947ರಲ್ಲಿ ಕ್ಯಾಲಿಫೋರ್ನಿಯಾದ ಜೋ ಕ್ವಿಗ್ ಡ್ಯಾರಿಲಿನ್ ಝ್ಯಾನಕ್ ಅನ್ನುವ ಹುಡುಗಿಗೆ ಒಂದು ಬೋರ್ಡ್ ಮಾಡಿಕೊಟ್ಟ. ಅವಳು ಅವನ ಗೆಳೆಯ ಟಾಮಿ ಝಾನ್‌ನ ಗೆಳತಿ. ಅವಳೊಬ್ಬಳೇ ಎತ್ತಿಕೊಂಡು ಹೋಗುವ ಹಾಗಿರಬೇಕು, ಅವಳ ಕಾರಿನಲ್ಲಿ ಹಿಡಿಸಬೇಕು, ಅಷ್ಟೇ ಬೇಡಿಕೆ. ಆ ಕಾಲದ ಗಂಡಸರ ಬೋರ್ಡುಗಳು ಎತ್ತಲಾರದಷ್ಟು ಭಾರ. ಕ್ವಿಗ್ ಹಗುರವಾದ ಬಾಲ್ಸಾ ಮರದಲ್ಲಿ ಚಿಕ್ಕದು ಮಾಡಿ, ಫೈಬರ್‌ಗ್ಲಾಸ್ ಹೊದಿಸಿದ. ಮುಂದೇನಾಯಿತು? ಹುಡುಗರು ಅವಳ ಬೋರ್ಡನ್ನು ಕಡ ತೆಗೆದುಕೊಂಡು ನೋಡಿದರು, ತಮ್ಮ ದೊಡ್ಡ ಹಲಗೆಗಳಿಗಿಂತ ಅದು ಚೆನ್ನಾಗಿ ತಿರುಗುತ್ತಿತ್ತು. ಮಾಲಿಬು ಬೋರ್ಡು ಅಂತ ಮುಂದೆ ಲೋಕವೆಲ್ಲ ಹಬ್ಬಿದ್ದಕ್ಕೆ ಇಂಥ ಬೋರ್ಡುಗಳೇ ಮೂಲ. ಗೆಳತಿಯ ಬೋರ್ಡು ಕಡ ಇಸಕೊಂಡು ವಾಪಸ್ ಕೊಡದೆ ಇರುವ ಚಾಳಿಯೂ ಅಷ್ಟೇ ಹಳೆಯದು ಅಂತ ಕಾಣುತ್ತದೆ.

1960ರ ದಶಕದ ಕೊನೆಯಲ್ಲಿ ಸ್ಯಾನ್ ಡಿಯಾಗೊದ ಸ್ಟೀವ್ ಲಿಸ್ ಮಾಡಿದ ಫಿಶ್ ಕೂಡ ಹೀಗೆಯೇ. ಗಿಡ್ಡ, ಅಗಲ, ಮೀನಿನ ಬಾಲದ ಆ ಬೋರ್ಡನ್ನು ಅವನು ಮಾಡಿಕೊಂಡದ್ದು ಮಂಡಿಯೂರಿ ಅಲೆ ಸವಾರಿ ಮಾಡಲು. ಆಮೇಲೆ ಬೇರೆಯವರು ಅದರ ಮೇಲೆ ಎದ್ದು ನಿಂತರು. ಇವತ್ತು ಸೋಮಾರಿ ಅಲೆಯ ಊರುಗಳಲ್ಲೆಲ್ಲ ಫಿಶ್ ಇದೆ. ಸಿಡ್ನಿಯ ಸೈಮನ್ ಆಂಡರ್ಸನ್ ದೊಡ್ಡ ಮೈಕಟ್ಟಿನ ಆಳು. ಆಗ ಗೆಲ್ಲುತ್ತಿದ್ದ ಎರಡು ಫಿನ್‌ನ ಬೋರ್ಡು ಅವನ ಕಾಲಿನ ಬಲಕ್ಕೆ ಜಾರುತ್ತಿತ್ತು. ತನ್ನ ಮೈಗೆ ಒಗ್ಗುವ ಹಾಗೆ ಮೂರು ಫಿನ್ ಇಟ್ಟು, ಅದಕ್ಕೆ ಥ್ರಸ್ಟರ್ ಅಂತ ಹೆಸರಿಟ್ಟು, 1981ರಲ್ಲಿ ಆಸ್ಟ್ರೇಲಿಯಾದ ಬೆಲ್ಸ್ ಬೀಚ್‌ನ ಸ್ಪರ್ಧೆಯನ್ನು ದೊಡ್ಡ ಅಲೆಗಳಲ್ಲಿ ಗೆದ್ದ. ಪೇಟೆಂಟ್ ಮಾಡಿಸಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಲೋಕದ ಅದೆಷ್ಟೋ ಬೋರ್ಡುಗಳು ಮೂರು ಫಿನ್‌ನವು. ನಾನೂ ಗೆಳೆಯರ ಬೋರ್ಡಿನಲ್ಲಿ ಮುಂದಿನ ಜೋಡಿಯನ್ನು ಬಾಲದಿಂದ ಸುಮಾರು 11 ಇಂಚು ಮೇಲೆ ಇಟ್ಟು, ಮೂತಿ ಒಳಗೆ ತಿರುಗುವ ಹಾಗೆ ಸ್ವಲ್ಪ ಓರೆ ಮಾಡುವಾಗೆಲ್ಲ ಅವನ ಋಣದಲ್ಲಿದ್ದೇನೆ.

ಅಲೆ ಸವಾರಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋದದ್ದೂ ಕೈಕೆಲಸದ ಬೋರ್ಡಿನ ಮೇಲೆಯೇ. ಓದಲು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದ ಹವಾಯಿಯ ಮೂವರು ರಾಜಕುಮಾರರು 1885ರಲ್ಲಿ ಸಾಂಟಾ ಕ್ರೂಸ್‌ನ ನದೀಮುಖದಲ್ಲಿ ನೀರಿಗಿಳಿದರು. ಬೋರ್ಡು ಅಲ್ಲಿನದೇ ರೆಡ್‌ವುಡ್ ಮರದ್ದು. ಹವಾಯಿಯ ಹೆಸರಾಂತ ಈಜುಗಾರ ಡ್ಯೂಕ್ ಕಹಾನಮೋಕು 1914ರ ಕೊನೆಯಲ್ಲಿ ಆಸ್ಟ್ರೇಲಿಯಾಕ್ಕೆ ಈಜು ತೋರಿಸಲು ಹೋದಾಗ ಬೋರ್ಡ್ ಜೊತೆಗೆ ಒಯ್ದಿರಲಿಲ್ಲ. ಅಲ್ಲಿ ಸಿಕ್ಕ ಶುಗರ್ ಪೈನ್ ಮರದ ಹಲಗೆಯಿಂದ ತಾನೇ ಮಾಡಿಕೊಂಡ. ಸಿಡ್ನಿಯ ಫ್ರೆಶ್‌ವಾಟರ್ ದಡದಲ್ಲಿ ಅದರ ಮೇಲೆ ನಿಂತು ತೋರಿಸಿದ, ಹದಿನೈದು ವರ್ಷದ ಇಸಬೆಲ್ ಲೆಥಮ್‌ಳನ್ನೂ ಜೊತೆಗೆ ಹತ್ತಿಸಿಕೊಂಡು ಹೋದ. ಬೋರ್ಡನ್ನು ಅಲ್ಲಿಯೇ ಬಿಟ್ಟು ಬಂದ. ಈಗಲೂ ಅದು ಫ್ರೆಶ್‌ವಾಟರ್ ಸರ್ಫ್ ಲೈಫ್ ಸೇವಿಂಗ್ ಕ್ಲಬ್ಬಿನಲ್ಲಿದೆ. ಇದ್ದ ಮರದಲ್ಲಿ ಮಾಡಿ, ಅಲ್ಲಿನವರಿಗೇ ಬಿಟ್ಟು ಹೋಗುವುದು. ಇದಕ್ಕಿಂತ ಒಳ್ಳೆ ಕೊಡುಗೆ ನನಗೆ ಗೊತ್ತಿಲ್ಲ.

ಯಂತ್ರದ ಬಗ್ಗೆ ನನಗೆ ಸಿಟ್ಟೇನೂ ಇಲ್ಲ. ಕಂಪ್ಯೂಟರ್ ಕೊಟ್ಟ ಅಳತೆಗೆ ಸಿಎನ್‌ಸಿ ಯಂತ್ರ ಫೋಮ್ ಕೊರೆದು ಕೊಡುತ್ತದೆ, ಮಿಲಿಮೀಟರ್ ತಪ್ಪುವುದಿಲ್ಲ. ಒಳ್ಳೆಯ ಬೋರ್ಡಿನದ್ದೇ ಇನ್ನೊಂದು ಪ್ರತಿ ಬೇಕು ಅಂದರೆ ಅದೇ ಸರಿ, ನನ್ನ ಕೈ ಒಂದೇ ಬೋರ್ಡನ್ನು ಎರಡು ಸಲ ಮಾಡಲಾರದು. ಆದರೆ ಎಲ್ಲವೂ ಒಂದೇ ಕಡೆಯಿಂದ ಬರುವುದು ಅಪಾಯ ಅನ್ನುವುದಕ್ಕೆ 2005ರ ಡಿಸೆಂಬರ್ 5 ಸಾಕ್ಷಿ. ಅಮೆರಿಕದ ಬಹುಪಾಲು ಶೇಪರ್‌ಗಳಿಗೆ ಬ್ಲ್ಯಾಂಕ್ ಕೊಡುತ್ತಿದ್ದ ಕ್ಲಾರ್ಕ್ ಫೋಮ್ ಅವತ್ತು ಏಕಾಏಕಿ ಬಾಗಿಲು ಹಾಕಿತು. ಬ್ಲ್ಯಾಂಕ್ ಮಂಡೇ ಅಂತಲೇ ಅದಕ್ಕೆ ಹೆಸರು ಬಿತ್ತು. ಬ್ಲ್ಯಾಂಕಿನ ಬೆಲೆ ಏರಿತು, ಇದ್ದವರು ಬಚ್ಚಿಟ್ಟುಕೊಂಡರು. ಸ್ವಲ್ಪ ದಿನಕ್ಕೆ ಬೇರೆ ಬೇರೆ ಕಡೆಯಿಂದ ಫೋಮ್ ಬರತೊಡಗಿತು. ಇಪಿಎಸ್, ಎಪಾಕ್ಸಿ, ಮರ ಅಂತ ಜನ ಪ್ರಯೋಗಕ್ಕೆ ಇಳಿದದ್ದೂ ಆ ಪೆಟ್ಟು ಬಿದ್ದ ಮೇಲೆ ಜಾಸ್ತಿ ಆಯಿತು.

ಗೆಳೆಯರಿಂದ ನಾನು ಸಾಮಾನಿನ ಖರ್ಚು ಮಾತ್ರ ತೆಗೆದುಕೊಳ್ಳುತ್ತೇನೆ. ದೊಡ್ಡತನ ಅಂತಲ್ಲ. ಕೂಲಿ ತೆಗೆದುಕೊಂಡರೆ ಅವರು ಕೇಳಿದ ಬೋರ್ಡನ್ನೇ ಕೊಡಬೇಕಾಗುತ್ತದೆ. ತೆಗೆದುಕೊಳ್ಳದಿದ್ದರೆ ನನಗೆ ಸರಿ ಕಂಡದ್ದು ಮಾಡಬಹುದು. ಕೂಲಿ ಬದಲು ಒಂದು ಷರತ್ತಿದೆ. ಬೋರ್ಡು ಹೇಗಿದೆ ಅಂತ ಕನಿಷ್ಠ ಒಂದು ಋತು ಓಡಿಸಿದ ಮೇಲೆ ಬಾಯಿಬಿಟ್ಟು ಹೇಳಬೇಕು. "ಸೂಪರ್" ಅಂದರೆ ಆಗಲ್ಲ. ಎಡಕ್ಕೆ ತಿರುಗುವಾಗ ಅಂಟಿಕೊಳ್ಳುತ್ತಾ, ಬಲಕ್ಕಾ? ಅಲೆ ಚಪ್ಪಟೆಯಾದ ಜಾಗದಲ್ಲಿ ನಿಂತುಬಿಡುತ್ತಾ? ಅದನ್ನು ಕೇಳಿ ಮುಂದಿನ ಬೋರ್ಡಿನಲ್ಲಿ ಒಂದೇ ಒಂದು ಅಂಶ ಬದಲಿಸುತ್ತೇನೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

ಹೇಳದಿದ್ದರೂ ಒಂದು ಲೆಕ್ಕದಲ್ಲಿ ಪರವಾಗಿಲ್ಲ, ಯಾಕೆಂದರೆ ನೀರಿನಲ್ಲಿ ಅವರ ಪಕ್ಕದಲ್ಲೇ ನಾನೂ ಇರುತ್ತೇನೆ. ಅಂಗಡಿಗೆ ಬೋರ್ಡ್ ಮಾರುವವರಿಗೆ ಇಲ್ಲದ ಸುಖವೂ ಶಿಕ್ಷೆಯೂ ಇದೇ. ನಾನು ಮಾಡಿದ ಬೋರ್ಡು ಅಲೆಯ ಮೇಲೆ ಗೆರೆ ಎಳೆದುಕೊಂಡು ಹೋದರೆ ಅಲ್ಲೇ ಕೂಗುತ್ತೇನೆ. ಬಾಲ ಜಾರಿ ಗೆಳತಿ ಬಿದ್ದರೆ, ಎದ್ದ ಕೂಡಲೇ ಅವಳು ನೋಡುವುದು ನನ್ನ ಮುಖವನ್ನೇ.

ನೀರಿನಲ್ಲಿ ಕಾಯುತ್ತಾ ಕೂರುವ ಆ ಸಾಲಿಗೆ ತನ್ನದೇ ನಿಯಮಗಳಿವೆ. ಅಲೆ ಮುರಿಯಲು ಶುರುವಾಗುವ ತುದಿಗೆ ಯಾರು ಹತ್ತಿರ ಇದ್ದಾರೋ ಅಲೆ ಅವರದ್ದು. ಒಬ್ಬರು ಹಿಡಿದ ಅಲೆಗೆ ಮುಂದಿನಿಂದ ನುಗ್ಗುವ ಹಾಗಿಲ್ಲ. ಹೊರಗೆ ಹೋಗುವವರು ಅಲೆ ಮುರಿಯುವ ಜಾಗವನ್ನು ಸುತ್ತಿಕೊಂಡು ಹೋಗಬೇಕು. ಬೋರ್ಡನ್ನು ಬಿಟ್ಟು ಮುಳುಗಬಾರದು, ಹಿಂದಿರುವವರ ತಲೆಗೆ ಬಡಿಯುತ್ತದೆ. ಇದನ್ನೆಲ್ಲ ಬರೆದು ಹಾಕಿರುವ ದಡಗಳೂ ಇವೆ, ಆದರೆ ಬಹಳಷ್ಟು ಕಡೆ ಬೈಸಿಕೊಂಡೇ ಕಲಿಯುವುದು.

ಬೈಗುಳಕ್ಕೂ ಒಂದು ಮಿತಿ ಇದೆ. ಇದು ನಮ್ಮ ಅಲೆ, ಹೊರಗಿನವರು ಬರಬೇಡಿ ಅನ್ನುವ ದಾದಾಗಿರಿಯನ್ನು ಕೆಲವರು ಸರ್ಫ್ ಸಂಸ್ಕೃತಿ ಅಂತ ಕರೆಯುತ್ತಾರೆ. ನನಗೆ ಅದು ಯಾವತ್ತೂ ಹಿಡಿಸಿಲ್ಲ. ದೂರದ ಒಂದು ದಡದಲ್ಲಿ ಒಬ್ಬ ನನ್ನ ಗೆಳೆಯನ ಬೋರ್ಡಿನ ಲೀಶ್, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಎಳೆದು ಅಲೆಯಿಂದ ಇಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಎಳೆದವನು ಚೆನ್ನಾಗಿ ಸರ್ಫ್ ಮಾಡುತ್ತಿದ್ದ, ಅದನ್ನೂ ಒಪ್ಪುತ್ತೇನೆ. ಆದರೆ ಅಲ್ಲಿಗೆ ಮತ್ತೆ ಹೋಗುವ ಮನಸ್ಸಾಗಿಲ್ಲ. ಹೊಸಬರಿಗೆ ಮರಳಿನ ದಿಬ್ಬ ಎಲ್ಲಿದೆ, ಹಿಂದಕ್ಕೆ ಎಳೆಯುವ ನೀರು ಎಲ್ಲಿದೆ ಅಂತ ತೋರಿಸಿದರೆ ನಮ್ಮ ಗಂಟೇನು ಹೋಗುತ್ತೆ? ಒಂದೆರಡು ಅಲೆ ಹೋಗಬಹುದು, ಸರಿ.

ನಮ್ಮ ಗುಂಪಿನಲ್ಲಿ ಬೋರ್ಡುಗಳಿಗೆ ಖಾಯಂ ಮಾಲೀಕರಿಲ್ಲ ಅಂತಲೇ ಹೇಳಬಹುದು. ಒಬ್ಬರಿಗೆ ಅಂತ ಮಾಡಿದ್ದನ್ನು ಇನ್ನೊಬ್ಬರು ಓಡಿಸಿ ನೋಡುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ, ಒಡೆದುಕೊಂಡು ಬರುತ್ತಾರೆ. ಒಡೆದ ಜಾಗಕ್ಕೆ ತೇಪೆ ಹಾಕುವ ಕೆಲಸ ನನ್ನದೇ. ನೀರು ಕುಡಿದ ಫೋಮ್ ಪೂರ್ತಿ ಒಣಗುವವರೆಗೆ ರೆಸಿನ್ ಹಾಕಬೇಡಿ ಅಂತ ಎಷ್ಟು ಹೇಳಿದರೂ ಟೇಪು ಅಂಟಿಸಿಕೊಂಡು ಮತ್ತೆ ನೀರಿಗಿಳಿಯುತ್ತಾರೆ. ಉಪ್ಪುನೀರು ಒಳಗಿಳಿದು ಹಳದಿಯಾದ ಬೋರ್ಡನ್ನು ನನ್ನ ಮುಂದೆ ತಂದು ನಿಲ್ಲಿಸಿ ಏನೂ ಗೊತ್ತಿಲ್ಲದವರ ಹಾಗೆ ಮಾತಾಡುತ್ತಾರೆ.

ಈಗ ಸ್ಟ್ಯಾಂಡಿನ ಮೇಲೆ ಇರುವುದು ನಮ್ಮ ಜೊತೆ ಬರುವ ಒಬ್ಬ ಅಕ್ಕನ ಬೋರ್ಡು. ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಸೀದಾ ನೀರಿಗೆ ಬರುತ್ತಾರೆ. ಮೊಣಕಾಲು ನೋವು, ಹಾಗಾಗಿ ಎದ್ದು ನಿಲ್ಲಲು ಒಂದು ಕ್ಷಣ ಜಾಸ್ತಿ ಬೇಕು. ಬೋರ್ಡು ಆ ಕ್ಷಣವನ್ನು ಅವರಿಗೆ ಕೊಡಬೇಕು, ಅಂದರೆ ಅಲೆಯನ್ನು ಬೇಗ ಹಿಡಿದು, ಕಡಿದಾಗುವ ಮೊದಲೇ ಸಮನಾಗಿ ಓಡತೊಡಗಬೇಕು. 9 ಅಡಿ ಉದ್ದ, 23 ಇಂಚು ಅಗಲ, ಬಾಗು ಕಮ್ಮಿ, ಅಂಚು ಮೃದು. ಮುಂದೆ ದಪ್ಪ ಬಿಟ್ಟು ಬಾಲದ ಕಡೆ ತೆಳುವಾಗಿಸಿದ್ದೇನೆ. ಶೇಪ್ ಮುಗಿದಿದೆ, ತಳಕ್ಕೆ ಬಟ್ಟೆ ಬಿದ್ದಿದೆ.

ಜಗಳ ಇರುವುದು ಫಿನ್‌ಗೆ. ಒಂದೇ ದೊಡ್ಡ ಫಿನ್ ಸಾಕು, ಹಳೆಯ ಕಾಲದ ಲಾಂಗ್‌ಬೋರ್ಡಿನ ಹಾಗೆ ನಿಧಾನಕ್ಕೆ ತಿರುಗಲಿ ಅಂತ ಅಕ್ಕನ ವಾದ. ಪಕ್ಕದಲ್ಲಿ ಎರಡು ಸಣ್ಣ ಫಿನ್ ಇದ್ದರೆ ಗಾಳಿ ಇರುವ ದಿನ ಜಾರುವುದಿಲ್ಲ ಅಂತ ನನ್ನದು. "ನೀನು ನಂಗೆ ಬೋರ್ಡ್ ಮಾಡ್ತಿದೀಯೋ, ನಿಂಗೆ ಮಾಡ್ಕೋತಿದೀಯೋ?" ಅಂತ ಕೇಳಿದರು ಮೊನ್ನೆ. ಉತ್ತರ ಕೊಡಲಿಲ್ಲ. ಮೂರೂ ಫಿನ್‌ಗೆ ಬಾಕ್ಸ್, ಅಂದರೆ ಫಿನ್ ಸಿಕ್ಕಿಸಿ ತೆಗೆಯುವ ಗೂಡು, ಕೂರಿಸಿಬಿಟ್ಟಿದ್ದೇನೆ. ಬೇಡ ಅನ್ನಿಸಿದರೆ ಪಕ್ಕದ ಎರಡನ್ನು ಖಾಲಿ ಬಿಡಲಿ.